ಹದಿಮೂರು ಸೊನ್ನೆ, ಒಂದು ನಾಲ್ಕು, ಮತ್ತೆರಡು ಸೊನ್ನೆ: ಮೆಮ್‌ಟೆಸ್ಟ್86+ ಬಳಸಿ ನೋಡಿದ್ದು

ನೋಡಲು ಇದಕ್ಕಿಂತ ಬಡವಾದ ಸಾಫ್ಟ್‌ವೇರ್ ಸಿಗಲಿಕ್ಕಿಲ್ಲ. ನೀಲಿ ಪರದೆ, ಅದರ ತುಂಬ ಇರುವೆ ಸಾಲಿನಂಥ ಅಕ್ಷರಗಳು, ಮೇಲಿನ ಎಡಮೂಲೆಯಲ್ಲಿ ಮಿಣಮಿಣ ಅನ್ನುವ ಒಂದು ಕೂಡಿಸುವ ಚಿಹ್ನೆ. ಮೌಸ್ ಆಡುವುದಿಲ್ಲ, ಒತ್ತಲು ಬಟನ್ ಇಲ್ಲ. ಆದರೂ ನಾಲ್ಕು ಸಂಜೆ ಕೂತು ಪೆನ್‌ಡ್ರೈವ್, ಹಾರ್ಡ್ ಡಿಸ್ಕ್, ಲಿನಕ್ಸ್, ಕೊನೆಗೆ ನನ್ನ ಹಣೆಬರಹ ಎಲ್ಲವನ್ನೂ ಬೈದು ಮುಗಿಸಿದ ಮೇಲೆ ನಿಜವಾದ ಕಳ್ಳನನ್ನು ಹಿಡಿದುಕೊಟ್ಟದ್ದು, ಕಂಪ್ಯೂಟರಿನ ರ‍್ಯಾಮ್ (ಕೆಲಸದ ಹೊತ್ತಿನ ನೆನಪು) ಕೆಟ್ಟಿದೆಯೇ ಅಂತ ಪರೀಕ್ಷಿಸುವ ಈ ಮೆಮ್‌ಟೆಸ್ಟ್86+. ಬಿಟ್ಟಿ ಸಿಗುವ ಸಾಫ್ಟ್‌ವೇರ್. ಹೊಗಳಿಕೆಯೂ ಇದೆ, ತಕರಾರೂ ಇದೆ.

ನನ್ನದು 2012ರ ಲ್ಯಾಪ್‌ಟಾಪ್. ಎರಡನೆಯ ತಲೆಮಾರಿನ ಐ3, ಎರಡೆರಡು ಜಿಬಿಯ ಎರಡು ರ‍್ಯಾಮ್ ಸ್ಟಿಕ್, ನಿಮಿಷಕ್ಕೆ 5400 ಸುತ್ತು ತಿರುಗುವ 500 ಜಿಬಿ ಹಾರ್ಡ್ ಡಿಸ್ಕ್. ಪ್ರೂಫ್ ನೋಡುವುದು ನನ್ನ ಕೆಲಸ. ಒಂದು ಕಡೆ ಪಿಡಿಎಫ್, ಇನ್ನೊಂದು ಕಡೆ ಲಿಬ್ರೆ ಆಫೀಸ್ ತೆರೆದುಕೊಂಡರೆ ಮುಗಿಯಿತು, ಅಷ್ಟಕ್ಕೆ ಇದು ಧಾರಾಳ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತಲ್ಲ, 11 ಹಾಕೋಣವೆಂದರೆ ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಪ್ರೊಸೆಸರೂ ಇನ್ನಷ್ಟು ಹೊಸದಿರಬೇಕು. ಹಾಗಾಗಿ ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್, ಅದರಲ್ಲೂ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಅಂತ ತೀರ್ಮಾನಿಸಿದೆ. ಕನಿಷ್ಠ 2 ಜಿಬಿ, ಆರಾಮಕ್ಕೆ 4 ಜಿಬಿ ರ‍್ಯಾಮ್ ಸಾಕು ಅಂತ ಅವರೇ ಹೇಳಿಕೊಂಡಿದ್ದಾರೆ. ನನ್ನಲ್ಲಿ ಸರಿಯಾಗಿ 4 ಇತ್ತು. ಇದೆ ಅಂದುಕೊಂಡಿದ್ದೆ.

ರೂಫಸ್ ಎಂಬ ಸಾಫ್ಟ್‌ವೇರಿನಲ್ಲಿ ಪೆನ್‌ಡ್ರೈವ್ ತಯಾರು ಮಾಡಿ, ಅದರಿಂದಲೇ ಬೂಟ್ ಮಾಡಿದೆ. ಲೈವ್ ಸೆಷನ್, ಅಂದರೆ ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವ್‌ನಿಂದಲೇ ಓಡುವ ಲಿನಕ್ಸ್, ಚೆಂದವಾಗಿ ಬಂತು. ವೈಫೈ ಬಂತು, ಕನ್ನಡದ ಒತ್ತಕ್ಷರಗಳು ಸರಿಯಾಗಿ ಮೂಡಿದವು. ಹುರುಪಿನಲ್ಲಿ ‘ಡಿಸ್ಕ್ ಪೂರ್ತಿ ಅಳಿಸಿ ಇನ್‌ಸ್ಟಾಲ್ ಮಾಡು’ ಎಂಬುದನ್ನೇ ಒತ್ತಿದೆ. ಬ್ಯಾಕಪ್ ಮಾಡಿಕೊಂಡಿದ್ದೆ, ಆ ಮಟ್ಟಿಗೆ ಬುದ್ಧಿ ಇತ್ತು. 63 ಶೇಕಡಾಕ್ಕೆ ಪಟ್ಟಿ ನಿಂತಿತು. ಒಂದು ಪೆಟ್ಟಿಗೆ ಎದ್ದು ಬಂತು: ‘ಎರ್‌ನೋ 5, ಇನ್‌ಪುಟ್/ಔಟ್‌ಪುಟ್ ಎರರ್’.

ಆ ಸಂದೇಶವನ್ನು ಪೂರ್ತಿ ಓದಿದವರು ಕಡಿಮೆ ಅಂತ ನನ್ನ ಅನುಮಾನ. ನಾನು ಓದಿದೆ, ವೃತ್ತಿದೋಷ. ಸಿಡಿ ಕೆಟ್ಟಿರಬಹುದು, ಸಿಡಿಯನ್ನು ಒರೆಸಿ ನೋಡಿ, ಕಡಿಮೆ ವೇಗದಲ್ಲಿ ಬರ್ನ್ ಮಾಡಿ, ಹಾರ್ಡ್ ಡಿಸ್ಕ್ ಹಳೆಯದಾಗಿ ಬದಲಾಯಿಸುವ ಹಾಗಾಗಿದೆಯೇ ನೋಡಿ, ಇಲ್ಲವೇ ಕಂಪ್ಯೂಟರನ್ನು ಇನ್ನಷ್ಟು ತಂಪಾದ ಜಾಗಕ್ಕೆ ಒಯ್ಯಿರಿ, ಹೀಗೆ ಸಾಗುತ್ತದೆ. ನಾನು ಹಾಕಿದ್ದು ಪೆನ್‌ಡ್ರೈವ್, ಅದರಲ್ಲಿ ಒರೆಸುವುದು ಏನನ್ನು? ಇಷ್ಟೆಲ್ಲ ಹೇಳಿದ ಸಂದೇಶದಲ್ಲಿ ರ‍್ಯಾಮ್ ಎಂಬ ಮಾತೇ ಇಲ್ಲ. ಹಾಗಂತ ಬರೆದವರದ್ದು ತಪ್ಪೆನ್ನಲಾರೆ. ಸಿಡಿ ಕಾಲದಲ್ಲಿ ಬರೆದ ಮಾತು, ಆ ಕಾಲಕ್ಕೆ ಬಹುಪಾಲು ಸರಿಯಿದ್ದಿರಬೇಕು.

ಎರಡನೆಯ ಸಂಜೆ ಪೆನ್‌ಡ್ರೈವ್ ಮೇಲೆ ಅನುಮಾನ. ಅಣ್ಣನ ಮನೆಯ ಕಂಪ್ಯೂಟರಿನಲ್ಲಿ ಐಎಸ್‌ಒ ಕಡತವನ್ನು (ಮಿಂಟ್ ಪೂರ್ತಿ ತುಂಬಿದ ಒಂದೇ ಕಡತ) ಮತ್ತೆ ಇಳಿಸಿಕೊಂಡು, ಚೆಕ್‌ಸಮ್ (ಕಡತದ ಬೆರಳಚ್ಚಿನಂಥ ಸಂಖ್ಯೆ) ತಾಳೆ ನೋಡಿ, ಬೇರೆ ಪೆನ್‌ಡ್ರೈವ್‌ಗೆ ಬರೆದೆ. ಈ ಸಲ 41ಕ್ಕೇ ನಿಂತಿತು. ಮತ್ತೊಮ್ಮೆ ಹಚ್ಚಿದೆ, 78. ಆಗಲೇ ಹೊಳೆಯಬೇಕಿತ್ತು. ಮೂಲ ಪ್ರತಿಯಲ್ಲೇ ತಪ್ಪಿದ್ದರೆ ಎಷ್ಟು ಸಲ ಪ್ರೂಫ್ ತೆಗೆದರೂ ಅದೇ ಪುಟದ ಅದೇ ಸಾಲಲ್ಲಿ ಬರುತ್ತದೆ. ಒಂದೊಂದು ಸಲ ಒಂದೊಂದು ಸಾಲಲ್ಲಿ ಬಂದರೆ ಎಡವಟ್ಟು ಜೋಡಿಸುವ ಕೈಯಲ್ಲಿದೆ ಅಂತ ಅರ್ಥ. ಕಾಗದದ ಮೇಲಾದರೆ ಕ್ಷಣದಲ್ಲಿ ಹೇಳುತ್ತಿದ್ದೆ.

ಮೂರನೆಯ ಸಂಜೆ ಹಾರ್ಡ್ ಡಿಸ್ಕಿನ ಸರದಿ. ಲೈವ್ ಸೆಷನ್ನಿನಲ್ಲೇ ‘ಡಿಸ್ಕ್ಸ್’ ಅಂತ ಒಂದು ಉಪಕರಣ ಇರುತ್ತದೆ, ಅದರ ಮೆನುವಿನಲ್ಲಿ ಸ್ಮಾರ್ಟ್ ಮಾಹಿತಿ, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟ ಲೆಕ್ಕ, ಸಿಗುತ್ತದೆ. ಕೆಟ್ಟು ಬೇರೆಡೆಗೆ ಸರಿಸಿದ ಸೆಕ್ಟರ್ ಸೊನ್ನೆ. ಓದಲಾಗದೆ ಕಾದಿರುವ ಸೆಕ್ಟರ್ ಸೊನ್ನೆ. ಕೇಬಲ್ ದಾರಿಯ ತಪ್ಪು ತೋರಿಸುವ ಸಿಆರ್‌ಸಿ ಎಣಿಕೆಯೂ ಸೊನ್ನೆ. ಚಿಕ್ಕ ಸ್ವಯಂ ಪರೀಕ್ಷೆಯಲ್ಲೂ ಪಾಸು. ಪಾಪದ ಡಿಸ್ಕ್, ವಯಸ್ಸಾಗಿದೆ ಅನ್ನುವುದೊಂದೇ ಅದರ ಅಪರಾಧ.

ಬೇರೆ ದಾರಿ ಕಾಣದೆ ಆ ‘ತಂಪಾದ ಜಾಗ’ದ ಉಪದೇಶವನ್ನೇ ಪಾಲಿಸಿದೆ. ನಗಬೇಡಿ. ಲ್ಯಾಪ್‌ಟಾಪಿನ ನಾಲ್ಕು ಮೂಲೆಗೆ ನಾಲ್ಕು ಸೀಸೆಯ ಮುಚ್ಚಳ ಕೊಟ್ಟು ಎತ್ತರಿಸಿ, ಪಕ್ಕದಲ್ಲಿ ಟೇಬಲ್ ಫ್ಯಾನ್ ಇಟ್ಟು ಇನ್‌ಸ್ಟಾಲ್ ಹಚ್ಚಿದೆ. ಮುಗಿದೇ ಹೋಯಿತು! ಗೆದ್ದೆ ಅಂತ ಅಣ್ಣನ ಮಗನಿಗೆ ಮೆಸೇಜ್ ಕೂಡ ಕಳಿಸಿದೆ. ರೀಸ್ಟಾರ್ಟ್ ಆದ ಮೇಲೆ ಫೈಲ್ ಮ್ಯಾನೇಜರ್ ತೆರೆದರೆ ಮುಚ್ಚಿಕೊಳ್ಳುತ್ತದೆ, ಮತ್ತೆ ತೆರೆದರೆ ಮತ್ತೆ ಮುಚ್ಚಿಕೊಳ್ಳುತ್ತದೆ. ಅಪ್‌ಡೇಟ್ ಮಾಡಹೋದರೆ ‘ಹ್ಯಾಶ್ ಸಮ್ ಮಿಸ್‌ಮ್ಯಾಚ್’. ಇಳಿಸಿಕೊಂಡ ಕಡತ ಇರಬೇಕಾದ ಹಾಗೆ ಇಲ್ಲ ಅಂತ ಅದರ ದೂರು.

ಅಣ್ಣನ ಮಗನಿಗೆ ಈಗ ಮೆಸೇಜ್ ಅಲ್ಲ, ಫೋನೇ ಮಾಡಿದೆ.

“ಅತ್ತೆ, ಹದಿಮೂರು ವರ್ಷದ ಲ್ಯಾಪ್‌ಟಾಪ್ ಅದು. ಇನ್ನೂ ಎಷ್ಟು ಸೇವೆ ಮಾಡ್ತೀರಿ?”

“ನಿನಗಿಂತ ಏಳು ವರ್ಷ ಚಿಕ್ಕದು ಕಣೋ. ಏನು ಮಾಡ್ಲಿ ಅಷ್ಟು ಹೇಳು.”

“ಸರಿ, ಲೈವ್‌ನಲ್ಲೇ ಬೂಟ್ ಮಾಡಿ, ಆ ಐಎಸ್‌ಒ ಫೈಲ್‌ಗೆ ಎರಡು ಸಲ ಚೆಕ್‌ಸಮ್ ಹಾಕಿ ನೋಡಿ. ಎರಡು ಸಲಕ್ಕೆ ಎರಡು ಉತ್ತರ ಬಂದ್ರೆ ಫೋನ್ ಮಾಡಿ.”

ಹುಡುಗನ ಮಾತು ಮೊದಲು ಒಗಟಾಗಿಯೇ ಕೇಳಿಸಿತು. ಕಡತ ಬದಲಾಗದೆ ಉತ್ತರ ಹೇಗೆ ಬದಲಾದೀತು? ಐಎಸ್‌ಒ ಇದ್ದ ಇನ್ನೊಂದು ಪೆನ್‌ಡ್ರೈವ್ ಸಿಕ್ಕಿಸಿ, ಟರ್ಮಿನಲ್ ತೆರೆದು, ಎಸ್‌ಎಚ್‌ಎ256 ಎಂಬ ಬಗೆಯ ಚೆಕ್‌ಸಮ್ ಲೆಕ್ಕ ಹಾಕಿಸಿದೆ. ಅರವತ್ತನಾಲ್ಕು ಅಕ್ಷರದ ಉತ್ತರ, ಬರೆದಿಟ್ಟುಕೊಂಡಿದ್ದಕ್ಕೆ ಸರಿಯಾಗಿ ತಾಳೆಯಾಯಿತು. ಎರಡನೆಯ ಸಲ ಮೊದಲ ಅಕ್ಷರದಿಂದಲೇ ಬೇರೆ. ಮೂರನೆಯ ಸಲ ಮೂರನೆಯದೇ ಒಂದು. ಕಡತ ಅದೇ, ಯಂತ್ರ ಅದೇ, ಉತ್ತರ ಮಾತ್ರ ಮೂರು; ಅಂದರೆ ಅನುಮಾನ ಈಗ ಕಡತವನ್ನು ಹಿಡಿದಿಟ್ಟುಕೊಳ್ಳುವ ರ‍್ಯಾಮಿನ ಮೇಲೆ. ಲಿನಕ್ಸಿನ ತಿರುಳಾದ ಕರ್ನಲ್‌ನ ಸಂದೇಶಗಳನ್ನು ತೆಗೆದು ನೋಡಿದರೆ ಸ್ಕ್ವಾಶ್‌ಎಫ್‌ಎಸ್ (ಕುಗ್ಗಿಸಿದ ಕಡತ ವ್ಯವಸ್ಥೆ) ಎರರ್ ಅಂತ ಸಾಲುಸಾಲು, ಕೊನೆಯಲ್ಲಿ ‘ಡೇಟಾ ಪ್ರಾಬಬ್ಲಿ ಕರಪ್ಟ್’. ಆ ‘ಪ್ರಾಬಬ್ಲಿ’ಯ ವಿನಯ ನನಗೆ ಬಹಳ ಹಿಡಿಸಿತು.

ರ‍್ಯಾಮ್ ಕೆಟ್ಟರೆ ಡಿಸ್ಕ್ ಕೆಟ್ಟ ಹಾಗೆ ಯಾಕೆ ಕಾಣಬೇಕು ಅನ್ನುವುದು ಆಮೇಲೆ ಅರ್ಥವಾಯಿತು. ಪೆನ್‌ಡ್ರೈವ್‌ನಲ್ಲಿ ಇಡೀ ವ್ಯವಸ್ಥೆಯನ್ನು ಒಂದೇ ದೊಡ್ಡ ಕಡತವಾಗಿ ಕುಗ್ಗಿಸಿ ತುಂಬಿರುತ್ತಾರೆ. ಇನ್‌ಸ್ಟಾಲರ್ ಅದನ್ನು ತುಂಡುತುಂಡಾಗಿ ರ‍್ಯಾಮಿಗೆ ತಂದು, ಬಿಚ್ಚಿ, ಡಿಸ್ಕಿಗೆ ಬರೆಯುತ್ತದೆ. ಕುಗ್ಗಿಸಿದ ತುಂಡಿನಲ್ಲಿ ಒಂದು ಬಿಟ್ (ಸೊನ್ನೆ ಇಲ್ಲವೇ ಒಂದು ಆಗಿರುವ ಅತಿ ಚಿಕ್ಕ ತುಣುಕು) ಮಗುಚಿದರೂ ಆ ತುಂಡು ಬಿಚ್ಚಿಕೊಳ್ಳುವುದಿಲ್ಲ. ‘ಓದಲಾಗಲಿಲ್ಲ’ ಅಂತ ಮೇಲಕ್ಕೆ ವರದಿ ಹೋಗುತ್ತದೆ, ಮೇಲಿನವರು ಡಿಸ್ಕ್ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಬಿಚ್ಚಿದ ಮೇಲೆ ಮಗುಚಿದರೆ ಇನ್ನೂ ಕೆಟ್ಟದ್ದು: ತಕರಾರೇ ಬರುವುದಿಲ್ಲ, ತಪ್ಪು ಅಕ್ಷರವೇ ಡಿಸ್ಕಿಗೆ ಅಚ್ಚಾಗಿ ಹೋಗುತ್ತದೆ. ಫ್ಯಾನ್ ಕೆಳಗೆ ‘ಯಶಸ್ವಿ’ಯಾಗಿ ಮುಗಿದ ನನ್ನ ಇನ್‌ಸ್ಟಾಲ್ ಆ ಜಾತಿಯದು. ದಿನನಿತ್ಯದ ಬಳಕೆಯಲ್ಲಿ ಆ ಕೆಟ್ಟ ಜಾಗಕ್ಕೆ ಒಂದು ಚಿತ್ರದ ಚುಕ್ಕೆಯೋ ಏನೋ ಬಂದು ಕೂತರೆ ಯಾರಿಗೂ ಗೊತ್ತಾಗುವುದಿಲ್ಲ. ಇನ್‌ಸ್ಟಾಲ್ ಹೊತ್ತಿಗೆ ಗಿಗಾಬೈಟ್‌ಗಟ್ಟಲೆ ಸರಕು ರ‍್ಯಾಮಿನ ಮೂಲೆಮೂಲೆಯಲ್ಲೂ ಹಾದುಹೋಗಬೇಕು, ಗುಂಡಿಗೆ ಬೀಳದೆ ಇರಲು ಸಾಧ್ಯವಿಲ್ಲ. ಹೋದ ವರ್ಷವೆಲ್ಲ ತಿಂಗಳಿಗೊಮ್ಮೆ ವಿಂಡೋಸ್ ಕುಸಿದು ನೀಲಿ ಪರದೆ ಬರುತ್ತಿದ್ದದ್ದನ್ನು ವಯಸ್ಸಿನ ಖಾತೆಗೆ ಹಾಕಿ ಸುಮ್ಮನಿದ್ದೆ ನೋಡಿ.

ಇನ್ನು ಮೆಮ್‌ಟೆಸ್ಟ್. ಇಳಿಸಿಕೊಳ್ಳುವಾಗಲೇ ಮೊದಲ ತಕರಾರು: ಹೆಸರು. ಮೆಮ್‌ಟೆಸ್ಟ್86 ಅಂತ ಒಂದಿದೆ, ಮೆಮ್‌ಟೆಸ್ಟ್86+ ಅಂತ ಇನ್ನೊಂದಿದೆ. ಮೂಲದ್ದು ಕ್ರಿಸ್ ಬ್ರೇಡಿ 1994ರಲ್ಲಿ ಬರೆದದ್ದು. ಅದರ ಕವಲಾಗಿ ಬಂದದ್ದು ಪ್ಲಸ್. ಮೂಲದ್ದು 2013ರಲ್ಲಿ ಪಾಸ್‌ಮಾರ್ಕ್ ಕಂಪನಿಯ ಕೈಸೇರಿತು. ಪ್ಲಸ್ ಇವತ್ತಿಗೂ ಜಿಪಿಎಲ್ ಪರವಾನಗಿಯ ಮುಕ್ತ ತಂತ್ರಾಂಶ. ಆದರೆ ಅದು ನಡುವೆ ವರ್ಷಗಟ್ಟಲೆ ಮಲಗಿತ್ತು. 2013ರ 5.01 ಆದ ಮೇಲೆ, ಯುಇಎಫ್‌ಐ ಎಂಬ ಹೊಸ ಬಗೆಯ ಬೂಟ್ ವ್ಯವಸ್ಥೆ ಇರುವ ಯಂತ್ರಗಳಲ್ಲೂ ಓಡುವ 6.00 ಬಂದದ್ದು 2022ರಲ್ಲಿ. ಮಾರ್ಟಿನ್ ವಿಟೇಕರ್ ಅವರ ಪಿಸಿಮೆಮ್‌ಟೆಸ್ಟ್ ಅನ್ನು ತಳಹದಿಯಾಗಿಟ್ಟುಕೊಂಡು ಹೊಸದಾಗಿ ಕಟ್ಟಿದ್ದು ಅದು. ಹಳೆಯ ಪೆನ್‌ಡ್ರೈವ್‌ನಲ್ಲಿ 5ರ ಆವೃತ್ತಿ ಇಟ್ಟುಕೊಂಡವರು ಬದಲಾಯಿಸಿಕೊಳ್ಳಿ. ಸೆಕ್ಯೂರ್ ಬೂಟ್ (ಸಹಿ ಇರುವ ಸಾಫ್ಟ್‌ವೇರನ್ನಷ್ಟೇ ಬೂಟ್ ಆಗಲು ಬಿಡುವ ಕಾವಲು) ಇರುವ ಯಂತ್ರವಾದರೆ ಅದನ್ನು ಆಫ್ ಮಾಡಬೇಕಾಗಿ ಬರಬಹುದು. ನನ್ನ ಮುದುಕನಿಗೆ ಆ ರಗಳೆ ಇರಲಿಲ್ಲ.

ಬೂಟ್ ಆದ ಕೂಡಲೆ ಕೇಳದೆ ಹೇಳದೆ ಪರೀಕ್ಷೆ ಶುರು. ಇದು ನನಗೆ ಇಷ್ಟವಾಯಿತು. ಒಪ್ಪಿಗೆ, ನೋಂದಣಿ, ‘ಮುಂದೆ’ ಗುಂಡಿ ಯಾವುದೂ ಇಲ್ಲ. ಮೇಲ್ಗಡೆ ಪ್ರೊಸೆಸರಿನ ಹೆಸರು, ಅದರ ಬಿಸಿ, ರ‍್ಯಾಮಿನ ಅಳತೆ. ಬಲಗಡೆ ಎರಡು ಪಟ್ಟಿ, ಒಂದು ಈ ಪರೀಕ್ಷೆ ಎಷ್ಟಾಯಿತು ಅಂತ, ಇನ್ನೊಂದು ಇಡೀ ಸುತ್ತು ಎಷ್ಟಾಯಿತು ಅಂತ. ರ‍್ಯಾಮಿನ ಪ್ರತಿ ಮನೆಯಲ್ಲೂ ಒಂದು ಗುರುತು ಬರೆದು, ಮತ್ತೆ ಹೋಗಿ ಓದಿ, ಬರೆದದ್ದೇ ಇದೆಯಾ ಅಂತ ನೋಡುವುದು. ಆಮೇಲೆ ಅದನ್ನೇ ಮಗುಚಿ ಬರೆದು ಮತ್ತೆ ಓದುವುದು. ಹೀಗೆ ಬೇರೆ ಬೇರೆ ಗುರುತು, ಬೇರೆ ಬೇರೆ ಕ್ರಮ. ಪ್ರೂಫ್ ನೋಡುವವರ ಕೆಲಸವೇ, ಬೇಸರ ಅನ್ನುವುದೊಂದು ಇಲ್ಲ ಅಷ್ಟೆ.

ಮೊದಲ ಸುತ್ತು ಅರ್ಧ ಗಂಟೆಗೂ ಮೀರಿ ಹಿಡಿಯಿತು, ಒಂದೂ ತಪ್ಪಿಲ್ಲ. ಇಲ್ಲಿ ತುಂಬ ಜನ ಮೋಸಹೋಗುತ್ತಾರೆ. ಬೇಗ ಒಂದು ಅಂದಾಜು ಸಿಗಲಿ ಅಂತ ಮೊದಲ ಸುತ್ತನ್ನು ಚಿಕ್ಕದಾಗಿಯೇ ಮಾಡಿರುತ್ತಾರೆ, ಎರಡನೆಯದು ಪೂರ್ತಿ. ನಾನೂ ಅಲ್ಲಿಗೇ ನಿಲ್ಲಿಸಿಬಿಡುತ್ತಿದ್ದೆ, ಅಣ್ಣನ ಮಗ ಬೈದದ್ದರಿಂದ ಬಿಟ್ಟು ಮಲಗಿದೆ. ರಾತ್ರಿ ಎರಡರ ಹೊತ್ತಿಗೆ ನೀರು ಕುಡಿಯಲು ಎದ್ದು ನೋಡುತ್ತೇನೆ, ಕೋಣೆಯ ಕತ್ತಲಲ್ಲಿ ಪರದೆಯ ಕೆಳಗಿನ ಅರ್ಧ ಕೆಂಪು.

ಕೆಂಪು ಸಾಲುಗಳನ್ನು ಹತ್ತಿರದಿಂದ ನೋಡಿದೆ. ಪ್ರತಿ ಸಾಲಲ್ಲೂ ಕೆಟ್ಟ ಜಾಗದ ವಿಳಾಸ, ಅದರ ಮುಂದೆ ‘ಎಕ್ಸ್‌ಪೆಕ್ಟೆಡ್’, ಅದರ ಮುಂದೆ ‘ಫೌಂಡ್’. ಇರಬೇಕಾದ್ದು ಒಂದು ಕಡೆ, ಇರುವುದು ಇನ್ನೊಂದು ಕಡೆ. ಇಪ್ಪತ್ತು ವರ್ಷದಿಂದ ನಾನು ದಿನವೂ ನೋಡುವುದು ಇವೇ ಎರಡು ಕಂಬಗಳನ್ನಲ್ಲವೇ! ಎಡಗಡೆ ಹದಿನಾರು ಸೊನ್ನೆ. ಬಲಗಡೆ ಹದಿಮೂರು ಸೊನ್ನೆ, ಒಂದು ನಾಲ್ಕು, ಮತ್ತೆರಡು ಸೊನ್ನೆ. ಕೆಳಗಿನ ಸಾಲಲ್ಲಿ ವಿಳಾಸ ಚೂರು ಬೇರೆ, ನಾಲ್ಕು ಮಾತ್ರ ಅದೇ ಜಾಗದಲ್ಲಿ. ಅದರ ಕೆಳಗೂ ಹಾಗೇ. ಇಲ್ಲಿ ಒಂದೊಂದು ಅಂಕಿ ನಾಲ್ಕು ಬಿಟ್‌ಗಳ ಗುರುತು; ನಾಲ್ಕು ಅಂದರೆ, ಸೊನ್ನೆಯಾಗಬೇಕಾದ ಒಂದೇ ಒಂದು ಬಿಟ್ ಒಂದಾಗಿಯೇ ಕಚ್ಚಿಕೊಂಡು ಕೂತಿದೆ. 2 ಜಿಬಿಯ ಒಂದು ಸ್ಟಿಕ್‌ನಲ್ಲಿ ಸುಮಾರು 1,718 ಕೋಟಿ ಬಿಟ್‌ಗಳಿರುತ್ತವೆ. ಅದರಲ್ಲಿ ಬೆರಳೆಣಿಕೆಯಷ್ಟು ಹಟ ಹಿಡಿದದ್ದಕ್ಕೆ ನನ್ನ ನಾಲ್ಕು ಸಂಜೆ ಹೋದವು.

ಎರಡನೆಯ ತಕರಾರು ಈಗ. ಕೆಟ್ಟದ್ದು ಯಾವ ಸ್ಟಿಕ್ ಅಂತ ಇದು ಹೇಳುವುದಿಲ್ಲ. ಬಾಯಿಬಿಟ್ಟು ಹೇಳುವುದು ಸುಲಭವಲ್ಲ ಅನ್ನುವುದೂ ನಿಜ. ಒಂದೇ ಅಳತೆಯ ಎರಡು ಸ್ಟಿಕ್ ಇದ್ದಾಗ ಯಂತ್ರ ಎರಡಕ್ಕೂ ಸರಕನ್ನು ಹಂಚಿ ಹಂಚಿ ತುಂಬುತ್ತದೆ, ವಿಳಾಸ ನೋಡಿ ಮನೆ ಗುರುತಿಸಲು ಆಗುವುದಿಲ್ಲ. ಹಾಗಾಗಿ ಬಿಚ್ಚಲೇಬೇಕು. ಬ್ಯಾಟರಿ ತೆಗೆದು, ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿಹಿಡಿದು ಉಳಿದ ಕರೆಂಟ್ ಇಳಿಸಿ, ತಳದ ಮುಚ್ಚಳ ತೆಗೆದೆ. ಎರಡೂ ಬದಿಯ ಲೋಹದ ಕೊಂಡಿಯನ್ನು ಉಗುರಿನಿಂದ ಹೊರಕ್ಕೆ ಸರಿಸಿದರೆ ಸ್ಟಿಕ್ ತಾನಾಗಿ ಓರೆಯಾಗಿ ಮೇಲೇಳುತ್ತದೆ. ಕಾಗದದ ಟೇಪ್ ಅಂಟಿಸಿ ಒಂದಕ್ಕೆ ‘ಅ’, ಇನ್ನೊಂದಕ್ಕೆ ‘ಆ’ ಅಂತ ಬರೆದೆ. ಬರೆದುಕೊಳ್ಳದಿದ್ದರೆ ಹತ್ತು ನಿಮಿಷದಲ್ಲಿ ಯಾವುದು ಯಾವುದೆಂದು ಮರೆಯುವುದು ಖಾತ್ರಿ, ನೋಡಲು ಎರಡೂ ಅವಳಿಜವಳಿ.

‘ಅ’ ಒಂದನ್ನೇ ಹಾಕಿ ಎರಡು ಸುತ್ತು ಓಡಿಸಿದೆ, ಸ್ವಚ್ಛ. ‘ಆ’ ಒಂದನ್ನೇ ಅದೇ ಸ್ಲಾಟಿಗೆ ಹಾಕಿದೆ, ಯಂತ್ರ ಆಗಲೇ ಬಿಸಿಯಾಗಿತ್ತು, ಹನ್ನೆರಡನೆಯ ನಿಮಿಷಕ್ಕೆ ಕೆಂಪು. ವಿಳಾಸ ಬದಲಾಗಿತ್ತು, ನಾಲ್ಕು ಬದಲಾಗಿರಲಿಲ್ಲ. ಚಿನ್ನದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ ಹಾಕಿದೆ, ಇದರಿಂದಲೇ ಸರಿಹೋದವು ಎಷ್ಟೋ ಇವೆ. ನನ್ನದು ಸರಿಹೋಗಲಿಲ್ಲ. ಪಕ್ಕದ ಸ್ಲಾಟಿಗೆ ಹಾಕಿದರೂ ಕೆಂಪು. ಅದೇ ಸ್ಲಾಟಿಗೆ ‘ಅ’ ಹಾಕಿದರೆ ಮತ್ತೆ ಸ್ವಚ್ಛ. ಸ್ಲಾಟ್ ಎರಡೂ ಸರಿ, ತಪ್ಪು ‘ಆ’ದ್ದು. ಬರೀ ಸ್ಟಿಕ್ ಬದಲಾಯಿಸಿ ನೋಡಿ ಸ್ಲಾಟ್ ನೋಡದೆ ಬಿಟ್ಟರೆ ಒಳ್ಳೆಯ ಸ್ಟಿಕ್ ಎಸೆಯುವ ಸಾಧ್ಯತೆ ಇದೆ, ಅದಕ್ಕೇ ಇಷ್ಟು ತಾಳ್ಮೆ.

ಹೊಗಳಲೇಬೇಕಾದ ಒಂದು ಸೌಕರ್ಯ ಇದೆ. ಎಫ್1 ಒತ್ತಿ ವರದಿಯ ಬಗೆ ಬದಲಾಯಿಸಿದರೆ, ಕೆಟ್ಟ ವಿಳಾಸಗಳನ್ನು ಬಿಟ್ಟು ಉಳಿದದ್ದನ್ನು ಬಳಸು ಅಂತ ಲಿನಕ್ಸಿಗೆ ಹೇಳಲು ಬೇಕಾದ ಸಾಲನ್ನೇ ಬರೆದುಕೊಡುತ್ತದೆ. ಅದನ್ನು ಬೂಟ್ ಸಂರಚನೆಗೆ ಸೇರಿಸಿದರೆ ಆ ಜಾಗಕ್ಕೆ ಬೇಲಿ ಹಾಕಿದಂತೆ. ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿದ ಲ್ಯಾಪ್‌ಟಾಪ್ ಇರುವವರಿಗೆ ಇದು ವರ. ನಾನು ಬಳಸಲಿಲ್ಲ. ಬಿಸಿಯಾದಾಗಲೇ ಕೆಡುವ ಬಿಟ್ ನಾಳೆ ಪಕ್ಕದವರನ್ನೂ ಕೆಡಿಸೀತು ಅನ್ನುವ ಭಯ, ಜೊತೆಗೆ ಬಿಚ್ಚಿ ಹಾಕುವ ಸ್ಟಿಕ್ ಇರುವಾಗ ಬೇಲಿ ಯಾಕೆ?

ಉಳಿದ ಕೊರತೆಗಳು ಚಿಕ್ಕವು. ಫಲಿತಾಂಶವನ್ನು ಪೆನ್‌ಡ್ರೈವ್‌ಗೆ ಉಳಿಸಿಕೊಳ್ಳಲು ದಾರಿ ಕಾಣಲಿಲ್ಲ, ಫೋನಿನಲ್ಲಿ ಫೋಟೋ ತೆಗೆದುಕೊಂಡೆ. ಗ್ರಾಫಿಕ್ಸ್‌ಗೆ ಅಂತ ಯಂತ್ರ ಎತ್ತಿಟ್ಟುಕೊಂಡ ರ‍್ಯಾಮಿನ ಭಾಗವನ್ನು ಇದು ಮುಟ್ಟುವುದಿಲ್ಲ. ರಾತ್ರಿಯಿಡೀ ಬಿಡಬೇಕು. ಇದೆಲ್ಲ ಇದ್ದೂ, ಓಡುತ್ತಿರುವ ಲಿನಕ್ಸಿನ ಒಳಗಿಂದ ಪರೀಕ್ಷಿಸುವ ಮೆಮ್‌ಟೆಸ್ಟರ್‌ನಂಥವಕ್ಕಿಂತ ಇದೇ ಮೇಲು. ಅವು ಆ ಹೊತ್ತಿಗೆ ಖಾಲಿ ಸಿಕ್ಕ ಜಾಗವನ್ನಷ್ಟೇ ನೋಡಬಲ್ಲವು, ಇದು ಹೆಚ್ಚುಕಡಿಮೆ ಇಡೀ ಮನೆಯನ್ನು ಗುಡಿಸುತ್ತದೆ.

‘ಅ’ ಒಂದರಲ್ಲೇ, ಅಂದರೆ ಬರೀ 2 ಜಿಬಿಯಲ್ಲಿ, ಮಿಂಟ್ ಮತ್ತೆ ಇನ್‌ಸ್ಟಾಲ್ ಮಾಡಿದೆ. ಫ್ಯಾನ್ ಇಲ್ಲ, ಸೀಸೆಯ ಮುಚ್ಚಳ ಇಲ್ಲ. ಒಂದೇ ಸಲಕ್ಕೆ ಮುಗಿಯಿತು. ಬ್ರೌಸರಿನಲ್ಲಿ ನಾಲ್ಕು ಟ್ಯಾಬ್ ತೆರೆದರೆ ಉಸಿರು ಕಟ್ಟುತ್ತಿತ್ತು, ಅದು ಬೇರೆ. ವಾರದ ಮೇಲೆ ಇನ್ನೊಂದು ಡಿಡಿಆರ್3 ಸ್ಟಿಕ್ ಬಂತು. ನನ್ನ ಕಾಲದ ಯಂತ್ರಕ್ಕೆ 1.5 ವೋಲ್ಟಿನದು; ಅದಕ್ಕಿಂತ ಹೊಸ ಲ್ಯಾಪ್‌ಟಾಪ್‌ಗಳಲ್ಲಿ 1.35 ವೋಲ್ಟಿನ ಡಿಡಿಆರ್3ಎಲ್ ಮಾತ್ರ ನಡೆಯುವಂಥವು ಇವೆ, ತರಿಸುವ ಮುಂಚೆ ಹಳೆಯದರ ಚೀಟಿ ಓದಿಕೊಳ್ಳಿ. ಹೊಸದನ್ನೂ ನಾನು ನಂಬಲಿಲ್ಲ. ಸಿಕ್ಕಿಸಿ ರಾತ್ರಿಯಿಡೀ ಮೆಮ್‌ಟೆಸ್ಟ್ ಓಡಿಸಿ, ಬೆಳಿಗ್ಗೆ ತಪ್ಪು ಸೊನ್ನೆ ಅಂತ ಕಂಡ ಮೇಲೆಯೇ ಮುಚ್ಚಳದ ಸ್ಕ್ರೂ ಬಿಗಿ ಮಾಡಿದ್ದು.

ಈಗ ಬಾಕಿ ಇರುವುದು ಬ್ಯಾಕಪ್. ವಿಂಡೋಸ್ ಅಳಿಸುವ ಮುಂಚೆ ಎಲ್ಲವನ್ನೂ ಹೊರಗಿನ ಡಿಸ್ಕಿಗೆ ಕಾಪಿ ಮಾಡಿಕೊಂಡಿದ್ದೆನಲ್ಲ, ಅದೂ ಹಾದುಹೋದದ್ದು ಇದೇ ‘ಆ’ ಮೂಲಕ. ಮೊನ್ನೆ ಹಳೆಯ ಫೋಟೋಗಳನ್ನು ತೆರೆದರೆ ಒಂದರಲ್ಲಿ ಅರ್ಧಕ್ಕೆ ಬಂದು ಕೆಳಗೆಲ್ಲ ಬೂದುಬಣ್ಣ. ನಿನ್ನೆ ಇನ್ನೊಂದು ಸಿಕ್ಕಿತು. ಜಿಪ್ ಕಡತಗಳನ್ನಾದರೆ ಅವುಗಳ ಒಳಗಿನ ಚೆಕ್‌ಸಮ್ ನೋಡಿಯೇ ಪರೀಕ್ಷಿಸಬಹುದು, ಎಲ್ಲವೂ ಸರಿ ಬಂದವು. ಫೋಟೋಗಳನ್ನು ಮಾತ್ರ ಒಂದೊಂದಾಗಿ ಕಣ್ಣಿಟ್ಟೇ ನೋಡಬೇಕು. ದಿನಕ್ಕೆ ಐವತ್ತರಂತೆ ನೋಡುತ್ತಿದ್ದೇನೆ, ಇನ್ನೂ ಆರುನೂರು ಚಿಲ್ಲರೆ ಇವೆ.